ಮಣಿಕಟ್ಟಿನ ಪಟ್ಟಿ

ನಮ್ಮ ಫ್ರೀಜರ್ ಕೋಣೆಯ ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಮೊಳೆ ಇದೆ. ದೊಡ್ಡದೇನಲ್ಲ, ಕ್ಯಾಲೆಂಡರ್ ತೂಗುಹಾಕುವಂಥ ಮೊಳೆ. ಅದರಲ್ಲಿ ಒಂದು ಜೊತೆ ಗ್ಲೌಸು ನೇತಾಡುತ್ತಿದ್ದರೆ, ಅದನ್ನು ಹಾಕಿಕೊಳ್ಳಬೇಕಾದವರನ್ನು ಆ ದಿನ ಮನೆಗೆ ಅಟ್ಟಿದ್ದಾರೆ ಎಂದು ಅರ್ಥ. ಒಳಗೆ ಹೋಗುವವರೆಲ್ಲ ಗ್ಲೌಸಿನ ಮೇಲಿನ ನಂಬರು ಓದಿ, ಸದ್ಯ ನನ್ನದಲ್ಲವಲ್ಲ ಎಂದುಕೊಂಡು ಸ್ವಲ್ಪ ಹಗುರಾಗಿ ಮುಂದೆ ಹೋಗುತ್ತಾರೆ. ವರ್ಷದಲ್ಲಿ ಮೂರು ಸಲ ಯಾರ ಗ್ಲೌಸು ಮೊಳೆಗೇರುತ್ತದೋ ಅವರಿಗೆ ಕೆಲಸವೇ ಇಲ್ಲ.

ಮೊಳೆ ಹೊಡೆದದ್ದು ಕಂಪನಿಯವರಲ್ಲ, ಕೆನ್ನೆ ಯಜಮಾನರು. ಉಡುಪಿನ ಕೋಣೆ ನೋಡಿಕೊಳ್ಳುತ್ತಿದ್ದವರು ಅವರು. ಒಳಗಿನ ಚಳಿ ಎಂಥದ್ದೆಂದರೆ, ಬಾಗಿಲು ದಾಟಿದ ಕೂಡಲೇ ಮೂಗಿನೊಳಗಿನ ಕೂದಲು ಗಟ್ಟಿಯಾಗುವುದು ಗೊತ್ತಾಗುತ್ತದೆ. ಬಟಾಣಿ, ಮೀನು, ಕೋಳಿ, ಎಲ್ಲ ಕಲ್ಲಾಗಿ ಪೆಟ್ಟಿಗೆಗಳಲ್ಲಿ ಮಲಗಿರುತ್ತವೆ. ಅವನ್ನು ಎತ್ತಿಡುವ ನಾವು ಕಲ್ಲಾಗದಿರಲಿ ಎಂದು ಜಾಕೆಟ್ಟು, ಪ್ಯಾಂಟು, ಬೂಟು, ಟೋಪಿ, ಎರಡು ಪದರದ ಗ್ಲೌಸು ಕೊಡುತ್ತಾರೆ. ಅವನ್ನು ಒಗೆದು, ಒಣಗಿಸಿ, ತೇಪೆ ಹಾಕಿ, ಯಾರಿಗೆ ಯಾವುದು ಹೊಂದುತ್ತದೆಂದು ನೋಡಿ ಕೊಡುವುದು ಉಡುಪಿನ ಕೋಣೆಯವರ ಕೆಲಸ. ಒಳ ಗ್ಲೌಸನ್ನು ಮಾತ್ರ ಪಾಳಿ ಮುಗಿದ ಮೇಲೆ ಅವರವರೇ ಮನೆಗೆ ಒಯ್ದು ಒಗೆದು ತರಬೇಕು. ಆ ಕೆಲಸ ಯಾರಿಗೆ ಎಂಬುದಕ್ಕೆ ನಮ್ಮಲ್ಲಿ ಒಂದು ಹಳೆಯ ಪದ್ಧತಿ ಇದೆ: ಚಳಿಗೆ ಬೆರಳು ಕೊಟ್ಟವರಿಗೆ ಉಡುಪಿನ ಕೋಣೆ. ಸುರಕ್ಷತೆಯ ಬೋರ್ಡು ಬರೆಸಿದರೆ ಯಾರೂ ಓದುವುದಿಲ್ಲ, ಕೈ ತೋರಿಸಿದರೆ ಎಲ್ಲರೂ ಓದುತ್ತಾರೆ ಎಂದು ಮ್ಯಾನೇಜರ್ ನಗುತ್ತ ಹೇಳುತ್ತಾನೆ. ಬೆರಳು ಹೋದವನನ್ನು ಕಂಪನಿ ಬೀದಿಗೆ ಬಿಡಲಿಲ್ಲ ಎಂಬ ಒಳ್ಳೆಯ ಹೆಸರೂ ಬಂತು, ಬೋರ್ಡು ಬರೆಸುವ ಖರ್ಚೂ ಉಳಿಯಿತು.

ಯಜಮಾನರ ಬಲಗೈಯಲ್ಲಿ ಕಿರುಬೆರಳೂ ಅದರ ಪಕ್ಕದ್ದೂ ಇಲ್ಲ. ಉಳಿದ ಬೆರಳುಗಳು ಇದ್ದರೂ ಇಲ್ಲದ ಹಾಗೆ. ಬಿಸಿ, ತಣ್ಣಗೆ, ಒದ್ದೆ, ಒಣ, ಯಾವುದೂ ಅವಕ್ಕೆ ತಿಳಿಯದು. ಅದಕ್ಕೇ ಅವರು ಬಟ್ಟೆಯನ್ನು ಕೆನ್ನೆಗೆ ಒತ್ತಿ ನೋಡುತ್ತಿದ್ದರು. ಬೆಚ್ಚನೆ ಕೋಣೆಯಲ್ಲಿ ವಿರಾಮ ಮುಗಿಸಿ ಒಳಗೆ ಹೋಗುವ ಪ್ರತಿ ಸಲವೂ ನಾವು ಸಾಲಾಗಿ ನಿಂತು ಕೈ ಮುಂದೆ ಚಾಚಬೇಕು. ಅವರು ಹೊರ ಗ್ಲೌಸಿನ ಅಂಚಿನಿಂದ ಒಳ ಗ್ಲೌಸಿನ ಮಣಿಕಟ್ಟಿನ ಪಟ್ಟಿಯನ್ನು ಸ್ವಲ್ಪ ಹೊರಗೆಳೆದು, ಬಗ್ಗಿ, ಕೆನ್ನೆ ತಾಗಿಸುತ್ತಾರೆ. ಅಂಗೈ ಬೆವರಿದರೆ ಮೊದಲು ಪಟ್ಟಿ ಹೇಳುತ್ತದೆ, ಬಾಯಿ ಆಮೇಲೆ ಹೇಳುತ್ತದೆ ಎನ್ನುವುದು ಅವರ ಮಾತು. ಪಟ್ಟಿ ಒಣಗಿದ್ದರೆ ಒಳಗೆ, ಒದ್ದೆಯಾಗಿದ್ದರೆ ಮೊಳೆಗೆ. ಒದ್ದೆ ಗ್ಲೌಸಿಗಿಂತ ಬರಿಗೈ ವಾಸಿ ಎಂಬುದು ಫ್ರೀಜರಿನಲ್ಲಿ ಕೆಲಸ ಮಾಡಿದ ಎಲ್ಲರಿಗೂ ಗೊತ್ತು. ಬರಿಗೈ ನೋಯುತ್ತದೆ, ನೋವು ಹೊರಗೆ ಓಡಿಸುತ್ತದೆ. ಒದ್ದೆ ಗ್ಲೌಸು ಮೆತ್ತಗೆ ಕೊಲ್ಲುತ್ತದೆ.

ಇಷ್ಟು ತಿಳಿದವರು ಒಳ್ಳೆಯವರೂ ಆಗಿರಬೇಕಲ್ಲ ಎಂದು ಯಾರಿಗಾದರೂ ಅನ್ನಿಸಬಹುದು. ಅವರಿಗೆ ತಿಳಿದಿದ್ದದ್ದು ಅಷ್ಟೂ ಇನ್ನೊಬ್ಬರನ್ನು ಹಂಗಿಸಲಿಕ್ಕೇ ಒದಗುತ್ತಿತ್ತು. ಝಿಪ್ಪಿಗೆ ಮೇಣದಬತ್ತಿ ಉಜ್ಜದೆ ಎಳೆದು ಹಲ್ಲು ಮುರಿದವಳನ್ನು ಇಡೀ ದಿನ ಬೊಚ್ಚುಬಾಯಿ ಎಂದು ಕರೆದರು. ಬೂಟನ್ನು ಹೀಟರಿನ ಮುಂದಿಟ್ಟು ಅಟ್ಟೆ ಬಿರುಕು ಬಿಡಿಸಿದವನ ಕೈಯಲ್ಲಿ ಆ ಬೂಟನ್ನು ಹಿಡಿಸಿ ಊಟದ ಕೋಣೆ ಸುತ್ತು ಹಾಕಿಸಿದರು. ನಾವೂ ನಗುತ್ತಿದ್ದೆವು, ಏಕೆಂದರೆ ನಗದವರು ಅವರ ಕಣ್ಣಿಗೆ ಬೀಳುತ್ತಿದ್ದರು.

ಅಂಥವರಿಗೆ ಒಬ್ಬಳೇ ಮಗಳು. ಅವಳು ನನ್ನ ಪಕ್ಕದ ಮನೆಯವಳಾದ್ದರಿಂದ ಒಳಮನೆಯ ಸುದ್ದಿಯೆಲ್ಲ ಗೋಡೆ ದಾಟಿ ನನಗೆ ಬರುತ್ತಿತ್ತು. ಅಪ್ಪ ಬೇಡವೆಂದರೂ ಅವಳು ಒಬ್ಬ ದರ್ಜಿಯನ್ನು ಮದುವೆಯಾದಳು. ಒಳ್ಳೆಯ ಕೈ ಅವನದು. ನನ್ನ ಒಂದು ಹಳೆಯ ಕೋಟನ್ನು ಬಿಚ್ಚಿ, ಒಳಗಿನ ಮಗ್ಗುಲನ್ನು ಹೊರಗೆ ಮಾಡಿ ಹೊಲಿದುಕೊಟ್ಟಿದ್ದ, ಈಗಲೂ ಹೊಸದರ ಹಾಗಿದೆ. ಆದರೆ ಸಿದ್ಧ ಉಡುಪಿನ ಅಂಗಡಿಗಳು ಬೀದಿ ತುಂಬಾ ಆದ ಮೇಲೆ ದರ್ಜಿಯ ಹತ್ತಿರ ಜನ ಬರುವುದು ಪ್ಯಾಂಟಿನ ಕಾಲು ಕತ್ತರಿಸಲಿಕ್ಕೆ ಮಾತ್ರ. ಕಾಲು ಕತ್ತರಿಸಿಕೊಂಡು ಬಾಡಿಗೆ ಕಟ್ಟುವುದು ಹೇಗೆ? ಅಂಗಡಿ ಮುಚ್ಚಿತು. ಹೊಲಿಗೆ ಯಂತ್ರವನ್ನು ಹೊದಿಕೆಯಲ್ಲಿ ಸುತ್ತಿಕೊಂಡು ಗಂಡ ಹೆಂಡತಿ ಮಾವನ ಮನೆಯ ಮೇಲಿನ ಕೋಣೆಗೆ ಬಂದರು. ಮನೆ ಅಳಿಯನಾಗುವುದೆಂದರೆ ಏನೆಂದು ತಿಳಿಯಲು ಅವನಿಗೆ ಒಂದು ಊಟ ಸಾಕಾಯಿತು. ಮಾವ ತಾವೇ ಬಡಿಸಿ, ಅಳಿಯಂದಿರಿಗೆ ಇನ್ನೂ ಹಾಕು, ಅಳಿಯಂದಿರಿಗೆ ಬೇರೇನು ಕೆಲಸ ಎಂದು ಮಗಳಿಗೆ ಹೇಳಿದರಂತೆ. ಮರುದಿನವೇ ಅವನು ನಮ್ಮ ಕಂಪನಿಯ ಬಾಗಿಲಲ್ಲಿ ನಿಂತ. ಬೇರೆ ಎಲ್ಲೂ ಕೆಲಸ ಖಾಲಿ ಇರಲಿಲ್ಲ. ಅಂಗಡಿ ಮತ್ತೆ ತೆರೆಯುವಷ್ಟು ಕಾಲ ಇಲ್ಲಿ ಹಲ್ಲು ಕಚ್ಚಿ ನಿಲ್ಲುತ್ತೇನೆ, ಕೈ ಗಟ್ಟಿಯಿದ್ದರೆ ಸಾಕು ಎಂದು ಹೆಂಡತಿಗೆ ಹೇಳಿದ್ದನಂತೆ.

ಮೊದಲ ದಿನ ಉಡುಪಿನ ಕೋಣೆಗೆ ಬಂದಾಗ ಯಜಮಾನರು ಎದ್ದು ನಿಂತು ಕೈ ಮುಗಿದರು. "ಅಳಿಯಂದಿರು ಬಂದ್ರು, ದಾರಿ ಬಿಡಿ" ಎಂದರು. ನಾವು ದಾರಿ ಬಿಟ್ಟೆವು. ಪಾಪ, ಅವನು ತಾನೇ ಹೊಲಿದ ಹತ್ತಿಯ ಅಂಗಿ ಒಳಗೆ ತೊಟ್ಟಿದ್ದ, ಚಳಿಗೆಂದು ಎರಡು ಜೊತೆ ಕಾಲುಚೀಲ ಹಾಕಿದ್ದ. ಯಜಮಾನರು ಅವನನ್ನು ಮಧ್ಯೆ ನಿಲ್ಲಿಸಿ ನಮಗೆಲ್ಲ ಪಾಠ ಮಾಡಿದರು. ಹತ್ತಿ ಎಂದರೆ ಕುಡುಕ, ಕುಡಿದದ್ದನ್ನು ಬಿಡುವುದಿಲ್ಲ, ಬೆವರು ಕುಡಿದು ಮೈಗೇ ಅಂಟಿಕೊಂಡು ಹೆಪ್ಪುಗಟ್ಟುತ್ತದೆ. ಎರಡು ಕಾಲುಚೀಲ ಹಾಕಿ ಬೂಟು ಬಿಗಿಮಾಡಿದರೆ ರಕ್ತ ಓಡುವುದಿಲ್ಲ, ಬೂಟು ಒಂದು ಅಳತೆ ದೊಡ್ಡದಿರಬೇಕು, ಬೆರಳು ಒಳಗೆ ಆಡಬೇಕು. ಜಾಕೆಟ್ಟನ್ನು ಮಡಿಸಿಡಬಾರದು, ತೂಗುಹಾಕಬೇಕು, ಮಡಿಸಿದರೆ ಒಳಗೆ ತುಂಬಿದ ಎಳೆ ಸತ್ತು ಚಳಿಗೆ ಹಾದಿ ಬಿಡುತ್ತದೆ. ಒಂದೊಂದೂ ಸತ್ಯ. ಆದರೆ ಒಂದೊಂದು ಸತ್ಯಕ್ಕೂ ಅವನ ಮೈಮೇಲಿನ ಒಂದೊಂದು ಬಟ್ಟೆ ಬಿಚ್ಚಿಸಿದರು. ಪಾಠ ಮುಗಿಯುವಾಗ ಅವನು ಚಡ್ಡಿಯಲ್ಲಿ ನಿಂತಿದ್ದ.

ದರ್ಜಿ ಕೋಪಿಸಿಕೊಳ್ಳಲಿಲ್ಲ. ಮಾವನನ್ನು ಮೆಚ್ಚಿಸಬೇಕೆಂದು ಆ ವಾರವೇ ಒಂದು ಕೆಲಸ ಮಾಡಿದ. ಮೂಲೆಯಲ್ಲಿ ಬಿದ್ದಿದ್ದ ಹರಿದ ಜಾಕೆಟ್ಟೊಂದನ್ನು ಮನೆಗೆ ಒಯ್ದು, ಹರಿದ ಗೆರೆಯೇ ಕಾಣದ ಹಾಗೆ ಹೊಲಿದು ತಂದ. ನಾವೆಲ್ಲ ಮುಟ್ಟಿ ಮುಟ್ಟಿ ನೋಡಿದೆವು. ಯಜಮಾನರು ಅದನ್ನು ದೀಪಕ್ಕೆ ಹಿಡಿದು ತೋರಿಸಿದರು. ಹೊಲಿಗೆಯ ಉದ್ದಕ್ಕೂ ಸಣ್ಣ ಸಣ್ಣ ಬೆಳಕಿನ ಚುಕ್ಕಿ. ಹೊರಪದರಕ್ಕೆ ಸೂಜಿ ಮುಟ್ಟಿಸಬಾರದು, ತೇಪೆಯನ್ನು ಅಂಟಿಸಬೇಕು, ಸೂಜಿ ಹೋದ ಕಡೆಯೆಲ್ಲ ಚಳಿಯೂ ಹೋಗುತ್ತದೆ ಎಂದರು. ಇದೂ ಸತ್ಯವೇ. ಸುಮ್ಮನೆ ಹೇಳಿದ್ದರೆ ಆಗುತ್ತಿತ್ತು. ಆದರೆ ಆ ಜಾಕೆಟ್ಟನ್ನು ಅವನಿಗೇ ಕೊಟ್ಟು, ಆ ವರ್ಷ ಪೂರ್ತಿ ಅದನ್ನೇ ತೊಡಬೇಕೆಂದು ತೀರ್ಪು ಕೊಟ್ಟರು. ತಾನು ಹೊಲಿದ ಗೆರೆಯಿಂದಲೇ ಒಳಬರುವ ಚಳಿಯನ್ನು ಬೆನ್ನಿನ ಮೇಲೆ ಹೊತ್ತು ಅವನು ಪೆಟ್ಟಿಗೆ ಎತ್ತಿದ.

ಅವನ ಮೈಯ ಗುಣ ಬೇರೆ ಹಾಳಾಗಿತ್ತು. ಕೆಲವರಿಗೆ ಅಂಗೈ ಬೆವರುತ್ತದೆ, ಏನು ಮಾಡಿದರೂ ನಿಲ್ಲದು. ಸೂಜಿ ಹಿಡಿಯುವಾಗ ಪುಡಿ ಹಚ್ಚಿಕೊಳ್ಳುತ್ತಿದ್ದನಂತೆ. ಇಲ್ಲಿ ಪುಡಿಗೆ ಅಪ್ಪಣೆಯಿಲ್ಲ, ಪುಡಿ ಒದ್ದೆಯಾದರೆ ಗ್ಲೌಸಿನೊಳಗೆ ಗಾರೆ. ಮೊದಲ ಸಲ ಮೊಳೆಗೆ ಬಿದ್ದದ್ದು ಒಂದು ಸಣ್ಣ ತಪ್ಪಿಗೆ: ಬೆಚ್ಚಗಾಗಲೆಂದು ಗ್ಲೌಸಿನೊಳಗೆ ಬಾಯಿಂದ ಊದಿದ. ಹೊಸಬರೆಲ್ಲ ಮಾಡುವ ತಪ್ಪು ಅದು. ಉಸಿರು ಬೆಚ್ಚಗಿರುವುದು ಒಂದು ಗಳಿಗೆ, ಅದರ ತೇವ ಉಳಿಯುವುದು ಇಡೀ ಪಾಳಿ. ಎರಡನೆಯ ಸಲ ಊದಲಿಲ್ಲ, ಕೈ ತಾನಾಗಿ ಬೆವರಿತ್ತು. ಯಜಮಾನರು ಪಟ್ಟಿಗೆ ಕೆನ್ನೆ ಇಟ್ಟು, ಇಟ್ಟ ಕೆನ್ನೆಯನ್ನು ಎಲ್ಲರಿಗೂ ತಿರುಗಿಸಿ ತೋರಿಸಿದರು. ಮಿಣಮಿಣ ಹೊಳೆಯುತ್ತಿತ್ತು. "ಅಳಿಯಂದಿರು ಅತ್ತಿದ್ದಾರೆ, ಕಣ್ಣಲ್ಲಿ ಅಲ್ಲ, ಕೈಯಲ್ಲಿ" ಎಂದರು. ಅವನು ಗ್ಲೌಸನ್ನು ತಾನೇ ಮೊಳೆಗೆ ಸಿಕ್ಕಿಸಿ ಮನೆಗೆ ಹೋದ. ಸಂಜೆ ಊಟಕ್ಕೆ ಕೆಳಗೆ ಬರಲಿಲ್ಲ. ದುಡಿಯದವರಿಗೆ ಹಸಿವೂ ಕಮ್ಮಿ ಎಂದು ಮಾವ ಮೆಟ್ಟಿಲ ಬುಡದಲ್ಲಿ ನಿಂತು ಕೂಗಿ ಹೇಳಿದ್ದು ನನ್ನ ಮನೆಗೂ ಕೇಳಿಸಿತು.

ಇನ್ನೊಂದು ಸಲ ಉಳಿದಿತ್ತು. ಅದಾದರೆ ಕೆಲಸವಿಲ್ಲ. ಕೆಲಸವಿಲ್ಲದಿದ್ದರೆ ಆ ಮನುಷ್ಯನ ಅನ್ನವನ್ನು ಆ ಮನುಷ್ಯನ ಎದುರೇ ಕೂತು ಉಣ್ಣಬೇಕು. ಗಾಳಿಗೆ ತೂಗಿದರೆ ಒಳ ಗ್ಲೌಸು ಒಣಗುತ್ತದೆ, ಆದರೆ ಅರ್ಧ ದಿನ ಬೇಕು. ಪಾಳಿಗೆ ಒಬ್ಬರಿಗೆ ಒಂದೇ ಜೊತೆ. ಇನ್ನೊಂದು ಜೊತೆ ಕೊಟ್ಟರೆ ಕಂಪನಿ ಮುಳುಗುತ್ತದೆಯೇ ಎಂದು ಕೇಳಬೇಡಿ. ಕೇಳಿದವರಿಗೆ ಯಜಮಾನರೇ ಉತ್ತರ ಕೊಡುತ್ತಿದ್ದರು: ನನಗೆ ಕೊಟ್ಟಿರಲಿಲ್ಲ, ನಿಮಗೇಕೆ?

ಅವನು ಮೇಲಿನ ಕೋಣೆಯಲ್ಲಿ ಯಂತ್ರದ ಹೊದಿಕೆ ತೆಗೆದದ್ದು ಆಗ. ಅದರ ಸದ್ದು ಕೇಳಿ ನನಗೆ ಖುಷಿಯಾಯಿತು, ಅಂಗಡಿ ತೆರೆಯುತ್ತಾನೇನೋ ಎಂದುಕೊಂಡೆ. ಅವನು ಒಳ ಗ್ಲೌಸನ್ನೇ ಇನ್ನೊಂದು ಜೊತೆ ಮಾಡೋಣವೆಂದು ಹೊರಟಿದ್ದ. ಆಗಲಿಲ್ಲ. ಅದು ಹೆಣಿಗೆ, ಹೊಲಿಗೆಯಲ್ಲ, ಆ ನೂಲು ಅಂಗಡಿಗಳಲ್ಲಿ ಸಿಗುವುದೂ ಇಲ್ಲ. ಮಣಿಕಟ್ಟಿನ ಪಟ್ಟಿ ಮಾತ್ರ ಸಾದಾ ಬಟ್ಟೆ. ಪಟ್ಟಿಯನ್ನು ತಿರುಗಿಸುತ್ತ ಕೂತಿದ್ದಾಗ ಅವನಿಗೆ ಹೊಳೆಯಿತು. ದರ್ಜಿಯಲ್ಲದೆ ಬೇರೆ ಯಾರಿಗೂ ಅದು ಹೊಳೆಯುತ್ತಿರಲಿಲ್ಲ, ಹೊಳೆಯದಿದ್ದರೆ ಚೆನ್ನಾಗಿತ್ತು. ಮಾವ ನೋಡುವುದು ಪಟ್ಟಿಯನ್ನು, ಕೈಯನ್ನಲ್ಲ. ಪಟ್ಟಿ ಒಣಗಿದ್ದರೆ ಸಾಕು.

ಗ್ಲೌಸಿನಿಂದ ಪಟ್ಟಿಯನ್ನು ಬಿಚ್ಚಿ, ಅಂಚಿಗೆ ಇರುವೆ ಕಣ್ಣಿನಷ್ಟು ಕೊಕ್ಕೆಗಳನ್ನು ಹೊಲಿದ. ಅದೇ ಬಣ್ಣದ, ಅದೇ ಅಳತೆಯ ಪಟ್ಟಿಗಳನ್ನು ಒಂದು ಕಟ್ಟು ಮಾಡಿದ. ಹೆಂಡತಿ ದಾರ ಪೋಣಿಸಿಕೊಟ್ಟಳು. ಪ್ರತಿ ವಿರಾಮದಲ್ಲಿ ಶೌಚಾಲಯಕ್ಕೆ ಹೋಗಿ, ಒದ್ದೆ ಪಟ್ಟಿ ಕಳಚಿ ಜೇಬಿಗೆ ಹಾಕಿ, ಒಣ ಪಟ್ಟಿ ಸಿಕ್ಕಿಸಿಕೊಂಡು ಬರುತ್ತಿದ್ದ. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎನ್ನುತ್ತಾರಲ್ಲ, ಹಾಗೆ. ಕೈ ಒದ್ದೆಯಾಗಿಯೇ ಇರುತ್ತಿತ್ತು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ, ಅವಳು ನನ್ನ ಅಡುಗೆಮನೆಯಲ್ಲಿ ಕೂತು ಅತ್ತಾಗ. ಆ ಪಟ್ಟಿಗಳನ್ನು ದಿನವೂ ಒಗೆದು, ಒಣಗಿಸಿ, ಇಸ್ತ್ರಿ ಹಾಕಿ ಕೊಡುತ್ತಿದ್ದವಳು ಅವಳೇ.

ಯಜಮಾನರು ಕೆನ್ನೆ ಇಟ್ಟರು. ಒಣಗಿತ್ತು. ಮರುದಿನ ಇಟ್ಟರು, ಒಣಗಿತ್ತು. ಅವರ ಮುಖದಲ್ಲಿ ಮೊದಲು ಅನುಮಾನ, ಆಮೇಲೆ ಬೇಸರ, ಕೊನೆಗೆ ಏನೋ ಒಂದು ಮೆಚ್ಚುಗೆ ಮೂಡಿತು. ಒಂದು ದಿನ ಎಲ್ಲರ ಮುಂದೆ ಅವನ ಕೈಯನ್ನು ಎತ್ತಿ ಹಿಡಿದರು. ನೋಡಿ ಕಲಿಯಿರಿ, ಹುಟ್ಟಾ ಬೆವರುವ ಕೈ, ನಾಲ್ಕು ಬೈಗುಳಕ್ಕೆ ಹೇಗೆ ದಾರಿಗೆ ಬಂತು, ಬುದ್ಧಿ ಹೇಳುವವರು ಇದ್ದರೆ ಮೈಯೂ ಮಾತು ಕೇಳುತ್ತದೆ ಎಂದರು. ಆ ಸಂಜೆ ಅವರು ಅಳಿಯನನ್ನು ಕೆಳಗೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಉಂಡರಂತೆ. ಅಳಿಯಂದಿರು ಎನ್ನಲಿಲ್ಲ, ನೀನು ಎಂದರಂತೆ. ಅಪ್ಪ ಅವರನ್ನು ಒಪ್ಪಿದರು ಎಂದು ಅವಳು ಗೋಡೆಯ ಮೇಲಿಂದ ನನಗೆ ಹೇಳುವಾಗ ಮುಖ ಅರಳಿತ್ತು. ಒಪ್ಪಿದ್ದು ಯಾರನ್ನು? ಒಂದು ಗೇಣು ಬಟ್ಟೆಯನ್ನು.

ಬಟಾಣಿಯ ಲಾರಿಗಳು ಒಂದರ ಹಿಂದೆ ಒಂದು ಬಂದ ದಿನ ನಮಗೆ ಉಸಿರಾಡಲು ಪುರುಸೊತ್ತಿರಲಿಲ್ಲ. ಎತ್ತಿ ಎತ್ತಿ ಮೈಯೆಲ್ಲ ಬೆವರು, ನಿಂತರೆ ಅದೇ ಬೆವರು ಬೆನ್ನಿನ ಮೇಲೆ ಮಂಜು. ಅವನು ಎಲ್ಲರಿಗಿಂತ ಜೋರಾಗಿ ಎತ್ತುತ್ತಿದ್ದ. ಮೆಚ್ಚಿಕೊಂಡವರ ಮುಂದೆ ಕುಣಿಯುವ ಹುರುಪು ಅದು. ಪ್ರತಿ ವಿರಾಮಕ್ಕೂ ಶೌಚಾಲಯ, ಪ್ರತಿ ಸಲವೂ ಹೊಸ ಪಟ್ಟಿ, ಪ್ರತಿ ಸಲವೂ ಮಾವನ ಕೆನ್ನೆಯಿಂದ ಒಂದು ಸಣ್ಣ ನಗು. ಕೊನೆಯ ಸುತ್ತಿನಲ್ಲಿ ನಾನು ಅವನ ಜೊತೆಗಿದ್ದೆ.

"ಅಕ್ಕಾ, ಇವತ್ತು ಕೈಗೆ ಚಳೀನೇ ಆಗ್ತಿಲ್ಲ" ಎಂದ.

ಪಳಗಿದ್ದೀಯ ಬಿಡು ಎಂದೆ. ದಿನವೂ ಒಣ ಪಟ್ಟಿ ತೋರಿಸುವವನ ಕೈ ಬಗ್ಗೆ ಯಾರು ಅನುಮಾನಪಡುತ್ತಾರೆ? ಸ್ವಲ್ಪ ಹೊತ್ತಿಗೆ ಅವನ ಕೈಯಿಂದ ಪೆಟ್ಟಿಗೆ ಜಾರಿತು. ಎತ್ತಿಕೊಂಡ, ಮತ್ತೆ ಜಾರಿತು. ಅವನೇ ನಕ್ಕ. ಬೆರಳು ಮಡಚಲು ಬರುತ್ತಿಲ್ಲ ಎಂದು ಹೇಳುವಾಗಲೂ ಅವನ ದನಿಯಲ್ಲಿ ಹೆದರಿಕೆ ಇರಲಿಲ್ಲ, ನೋವಿದ್ದರಲ್ಲವೇ ಹೆದರುವುದು.

ಬೆಚ್ಚನೆ ಕೋಣೆಗೆ ಎಳೆದುಕೊಂಡು ಬಂದೆ. ಹೊರ ಗ್ಲೌಸು ಬಂತು, ಒಳ ಗ್ಲೌಸು ಬರಲಿಲ್ಲ, ಅದು ಒಳಗಿಂದ ಮಂಜುಗಟ್ಟಿ ಕೈಗೆ ಕಚ್ಚಿತ್ತು. ಯಾರೋ ಕೈ ಉಜ್ಜಲು ಹೋದರು. ಯಜಮಾನರು ಓಡಿ ಬಂದು ಅವರನ್ನು ಪಕ್ಕಕ್ಕೆ ತಳ್ಳಿ, ಉಜ್ಜಿದರೆ ಚರ್ಮ ಕಿತ್ತುಬರುತ್ತದೆ ಎಂದು ಬೈದು, ಉಗುರುಬೆಚ್ಚನೆ ನೀರು ತರಿಸಿ ಗ್ಲೌಸು ಸಮೇತ ಕೈಯನ್ನು ಮುಳುಗಿಸಿದರು. ಆ ಗಳಿಗೆಯಲ್ಲಿ ಅವರು ಮಾಡಿದ್ದೆಲ್ಲ ಸರಿಯಾಗಿತ್ತು. ಗ್ಲೌಸು ಸಡಿಲವಾಗಿ ಬಿಟ್ಟುಕೊಂಡಿತು. ಬೆರಳುಗಳು ಮೇಣದಬತ್ತಿಯ ಹಾಗಿದ್ದವು. ಗ್ಲೌಸಿನ ಜೊತೆಗೆ ಪಟ್ಟಿ ಬರಲಿಲ್ಲ, ಅದು ಕೊಕ್ಕೆ ಕಳಚಿ ಬೇರೆಯಾಗಿ ನೀರಿನ ಮೇಲೆ ತೇಲಿತು.

ಯಜಮಾನರು ಅದನ್ನು ಎತ್ತಿ, ಹಿಂಡಿ, ದೀಪಕ್ಕೆ ಹಿಡಿದರು. ತಿರುವಿ ಮರುವಿ ನೋಡಿದರು. ಕೊಕ್ಕೆಗಳನ್ನು ಒಂದೊಂದಾಗಿ ನೋಡಿದರು. ಅವರ ಮುಖದಲ್ಲಿ ಅಯ್ಯೋ ಎನ್ನುವುದು ಬರುತ್ತದೆಂದು ನಾನು ಕಾದೆ. ಬಂದದ್ದು ಬೇರೆ. ಮೋಸ ಹೋದವರ ಮುಖ ಅದು, ಅಷ್ಟು ದಿನ ತಾನು ಕೆನ್ನೆಗೊತ್ತಿ ಮೆಚ್ಚಿದ್ದು ಏನನ್ನು ಎಂದು ಎಲ್ಲರ ಮುಂದೆ ಗೊತ್ತಾದವರ ಮುಖ.

"ಹೊಲಿಗೆ ಚೆನ್ನಾಗಿದೆ" ಎಂದರು.

ಅಷ್ಟು ಹೇಳಿ, ಒದ್ದೆ ಗ್ಲೌಸನ್ನು ತೆಗೆದುಕೊಂಡು ಹೋಗಿ ಮೊಳೆಗೆ ಸಿಕ್ಕಿಸಿದರು. ಮೂರನೆಯ ಸಲ. ದರ್ಜಿ ಅದನ್ನು ನೋಡುತ್ತಿದ್ದ. ಅವನ ಕೈಗೆ ನೋವು ಬರಲು ಶುರುವಾದದ್ದು ಆಗಲೇ, ಬೆಚ್ಚನೆ ನೀರಿನಲ್ಲಿ. ಅವನು ಕೂಗಿದ್ದು ಲಾರಿಯವರಿಗೂ ಕೇಳಿಸಿತು.

ಆಸ್ಪತ್ರೆಯವರು ಬಹಳ ದಿನ ಕಾದರು. ಕೊನೆಗೆ ಬಲಗೈ ಹೆಬ್ಬೆರಳಿನ ತುದಿ, ತೋರುಬೆರಳು, ನಡುಬೆರಳು ಹೋದವು. ಸೂಜಿ ಹಿಡಿಯುವವು ಸರಿಯಾಗಿ ಅವೇ. ಚಳಿಗೆ ಕಸುಬು ತಿಳಿಯುತ್ತದೆಯೇ? ಉಳಿದ ಎರಡೂ, ಎಡಗೈ ಬೆರಳುಗಳೂ ಮರದ ತುಂಡಿನ ಹಾಗಾದವು. ಮನೆಗೆ ಬಂದ ಮೇಲೆ ಒಂದು ಸಂಜೆ ಅವನು ಯಂತ್ರದ ಮುಂದೆ ಕೂತು ದಾರ ಪೋಣಿಸಲು ಹೋದನಂತೆ. ಸೂಜಿ ಚುಚ್ಚಿ ರಕ್ತ ಬಟ್ಟೆಯ ಮೇಲೆ ಬಿದ್ದದ್ದು ಹೆಂಡತಿ ಹೇಳಿದ ಮೇಲೆ ತಿಳಿಯಿತಂತೆ. ಅವಳು ಯಂತ್ರಕ್ಕೆ ಮತ್ತೆ ಹೊದಿಕೆ ಸುತ್ತಿದಳು. ಅಂದಿನಿಂದ ಅವಳು ಅಪ್ಪನಿಗೆ ಬಡಿಸುತ್ತಾಳೆ, ಒಗೆಯುತ್ತಾಳೆ, ಆದರೆ ಮಾತಾಡುವುದಿಲ್ಲ. ನಾನೇನು ಗ್ಲೌಸು ಒದ್ದೆ ಮಾಡ್ಕೋ ಅಂದಿದ್ನಾ ಎಂದು ಮುದುಕ ಊಟದ ಮುಂದೆ ಕೂತು ಗೋಡೆಗೆ ಹೇಳಿಕೊಳ್ಳುತ್ತಾನೆ.

ಮುದುಕ ಎಂದೆನಲ್ಲ. ಯಜಮಾನರು ಮುದುಕನಾದದ್ದು ಹೀಗೆ. ಅಳಿಯನನ್ನು ಮೂರನೆಯ ಮೊಳೆಯ ಲೆಕ್ಕದಲ್ಲಿ ಹೊರಗೆ ಹಾಕುತ್ತಾರೆಂದು ನಾವು ಎಣಿಸಿದ್ದೆವು. ಮುದುಕನೂ ಹಾಗೇ ಎಣಿಸಿ ಮ್ಯಾನೇಜರ್ ಹತ್ತಿರ ಹೋಗಿ ಹೇಳಿಯೂ ಬಂದಿದ್ದ. ಆದರೆ ಮೊಳೆ ಯಜಮಾನರದ್ದು, ಪದ್ಧತಿ ಕಂಪನಿಯದ್ದು. ಚಳಿಗೆ ಬೆರಳು ಕೊಟ್ಟವರಿಗೆ ಉಡುಪಿನ ಕೋಣೆ. ಮ್ಯಾನೇಜರ್ ನಮ್ಮನ್ನೆಲ್ಲ ಸೇರಿಸಿ, ಹಳೆಯ ಕೈ ನೋಡಿ ನೋಡಿ ನಿಮಗೆಲ್ಲ ಅಭ್ಯಾಸವಾಗಿಬಿಟ್ಟಿದೆ, ಭಯ ಹೋಗಿದೆ, ಹೊಸ ಕೈ ನೋಡಿದರೆ ಎಚ್ಚರ ಬರುತ್ತದೆ ಎಂದ. ಬೇರೆ ಕಾರಣವೂ ಇತ್ತು, ಅದನ್ನು ನಗದೆ ಹೇಳಿದ: ಪಟ್ಟಿ ಒಣಗಿದೆ ಎಂದು ಒಳಗೆ ಬಿಟ್ಟವರು ಯಾರು? ಮುದುಕನಿಗೆ ನಿವೃತ್ತಿಗೆ ಇನ್ನೂ ಕಾಲವಿತ್ತು. ಅಲ್ಲಿಯವರೆಗೆ ಒಳಗೆ, ನಮ್ಮ ಜೊತೆ, ಪೆಟ್ಟಿಗೆ ಎತ್ತಬೇಕು, ಇಲ್ಲವೇ ಮನೆಗೆ ಹೋಗಬೇಕು. ಮನೆಯಲ್ಲಿ ಇನ್ನು ಮೇಲೆ ದುಡಿಯುವವನು ಅಳಿಯ. ದುಡಿಯದವರಿಗೆ ಹಸಿವು ಕಮ್ಮಿ ಎಂದು ಕೂಗಿದ್ದ ಮನುಷ್ಯ ಪೆಟ್ಟಿಗೆ ಎತ್ತುತ್ತೇನೆ ಎಂದ.

ಕೋಣೆಯ ಬೀಗದ ಕೈ ಅಳಿಯನಿಗೆ ಹೋಯಿತು. ಯಜಮಾನರು ಎನ್ನುವ ಬಹುವಚನವೂ ಅದರ ಜೊತೆಗೇ ಹೋಯಿತು, ಯಾರೂ ಯಾರಿಗೂ ಹೇಳಿಕೊಡಬೇಕಾಗಲಿಲ್ಲ. ಹೊಸ ಯಜಮಾನ ಕೋಣೆಯನ್ನು ಅಚ್ಚುಕಟ್ಟಾಗಿ ಇಟ್ಟುಕೊಂಡ. ಜಾಕೆಟ್ಟುಗಳು ಮಡಿಕೆಯಿಲ್ಲದೆ ತೂಗುತ್ತಿದ್ದವು, ಗ್ಲೌಸುಗಳು ಒಳಮಗ್ಗುಲು ಹೊರಗಾಗಿ ಗಾಳಿಗೆ ಒಣಗುತ್ತಿದ್ದವು, ಬೂಟುಗಳು ಹೀಟರಿನಿಂದ ದೂರ. ಮಾವ ಕಲಿಸಿದ್ದು ಒಂದೂ ಮರೆತಿರಲಿಲ್ಲ. ಒಬ್ಬರನ್ನೂ ಹಂಗಿಸುತ್ತಿರಲಿಲ್ಲ. ನಮಗೆ ಅನ್ನಿಸಿತು, ಕೆಟ್ಟ ಕಾಲ ಮುಗಿಯಿತು. ಮೊಳೆಯನ್ನೂ ಕೀಳುತ್ತಾನೆಂದು ಕಾದೆವು. ಅದನ್ನು ಕೀಳಲಿಲ್ಲ.

ಮುದುಕ ಕೆಲಸಕ್ಕೆ ಬಂದ ಮೊದಲ ದಿನ ಕೋಣೆಯ ಕಿಟಕಿಯ ಮುಂದೆ ನಿಂತ. ಅಳಿಯ ಎದ್ದು ನಿಂತ, ಎರಡು ಕೈ ಸೇರಿಸಿ ನಮಸ್ಕರಿಸಿದ. ಸೇರಿಸಿದಾಗ ಬಲಗೈ ಎಷ್ಟು ಗಿಡ್ಡವೆಂದು ಕಂಡಿತು. ಮುದುಕನ ಅಳತೆಗೆ ಸರಿಯಾದ ಬೂಟು, ಮೇಣ ಉಜ್ಜಿದ ಝಿಪ್ಪಿನ ಪ್ಯಾಂಟು, ಒಣಗಿದ ಗ್ಲೌಸು ಕೊಟ್ಟ. ಜಾಕೆಟ್ಟು ಮಾತ್ರ ಆ ಹೊಲಿದದ್ದೇ. ಮುದುಕ ಅದನ್ನೇ ತೊಟ್ಟುಕೊಂಡ.

ಎಷ್ಟೋ ವರ್ಷ ಒಳಗೆ ಕಾಲಿಡದ ಮೈ ಅದು. ಮೊದಲ ಸುತ್ತಿನಲ್ಲೇ ಏದುಸಿರು ಬಿಟ್ಟ. ನಾಲ್ಕು ಪೆಟ್ಟಿಗೆ ಎತ್ತುವುದರೊಳಗೆ ಟೋಪಿಯ ಅಂಚಿನಿಂದ ಬೆವರು ಇಳಿಯಿತು. ನಿಧಾನ ಮಾಡಿ, ಬೆವರಬೇಡಿ ಎಂದೆ. ಆ ಮಾತನ್ನು ನನಗೆ ಕಲಿಸಿದವನು ಅವನೇ. ಕೇಳಲಿಲ್ಲ, ಬಾಗಿಲ ಕಡೆ ನೋಡಿ ನೋಡಿ ಇನ್ನೂ ಜೋರಾಗಿ ಎತ್ತಿದ. ವಿರಾಮದಲ್ಲಿ ಅವನು ಗ್ಲೌಸು ಕಳಚಲಿಲ್ಲ. ಮೂಲೆಯಲ್ಲಿ ಕೂತು ಪಟ್ಟಿಯನ್ನು ಕೆನ್ನೆಗೆ ಒತ್ತಿ ನೋಡಿಕೊಂಡ. ಕಣ್ಣು ಮುಚ್ಚಿದ. ಹೊರ ಗ್ಲೌಸಿನ ಮೇಲೆಯೇ ಪಟ್ಟಿಯನ್ನು ಹೀಟರಿನ ಕಡೆ ಹಿಡಿದು ಕೂತ, ಹಾಗೆ ಮಾಡಿದವರನ್ನು ಅವನು ಏನೇನು ಬೈಯುತ್ತಿದ್ದನೆಂದು ನಮಗೆಲ್ಲ ನೆನಪಿತ್ತು.

ಸಾಲು ನಿಂತಿತು. ನನ್ನ ಮುಂದೆ ಮುದುಕ. ಅಳಿಯ ಒಬ್ಬೊಬ್ಬರ ಪಟ್ಟಿಯನ್ನೂ ಕೆನ್ನೆಗೆ ಒತ್ತಿ ಬಿಡುತ್ತಿದ್ದ. ಮುದುಕನ ಸರದಿ ಬಂತು. ಅವನು ಕೈ ಚಾಚಿದ. ಅಳಿಯ ಉಳಿದ ಬೆರಳುಗಳ ಸಂದಿಯಲ್ಲಿ ಪಟ್ಟಿಯನ್ನು ಹಿಡಿದು ಎಳೆದ, ಬಗ್ಗಿದ, ಕೆನ್ನೆ ತಾಗಿಸಿದ. ಅವಸರ ಮಾಡಲಿಲ್ಲ. ಆಮೇಲೆ ಮುಖ ಎತ್ತಿದ. ಅವನ ಕೆನ್ನೆಯ ಮೇಲೆ ಎರಡು ಬೆರಳಗಲ ಮಿಣಮಿಣ ಹೊಳೆಯುತ್ತಿತ್ತು. ನನಗೆ ಕಂಡಿತು. ಮುದುಕನಿಗೆ ನನಗಿಂತ ಹತ್ತಿರದಿಂದ ಕಂಡಿತು.

ಮೊಳೆ ಅಲ್ಲೇ ಕೈಯಳತೆಯಲ್ಲಿತ್ತು. ಅಳಿಯ ಅತ್ತ ನೋಡಲೂ ಇಲ್ಲ.

"ಒಣಗಿದೆ ಮಾವ" ಎಂದ. "ಹೋಗಿ ಬನ್ನಿ."

ಎಷ್ಟು ಮೃದುವಾಗಿ ಹೇಳಿದನೆಂದರೆ, ಕೇಳಿದವರು ಇಂಥ ಅಳಿಯ ಎಲ್ಲರಿಗೂ ಸಿಗಲಿ ಎನ್ನಬೇಕು. ಮುದುಕ ಅಲ್ಲಾಡಲಿಲ್ಲ. ಒದ್ದೆ ಗ್ಲೌಸು ಏನು ಮಾಡುತ್ತದೆಂದು ಆ ಕಟ್ಟಡದಲ್ಲಿ ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಒದ್ದೆಯಾಗಿದೆ ಎಂದು ಒಂದು ಮಾತು ಬಾಯಿಬಿಟ್ಟರೆ ಸಾಕಿತ್ತು. ಆದರೆ ಹಾಗೆಂದರೆ ಕೈಯಾರೆ ಹೊಡೆದ ಮೊಳೆಗೆ ಕೈಯಾರೆ ಗ್ಲೌಸು ಸಿಕ್ಕಿಸಿ, ನಮ್ಮೆಲ್ಲರ ಮುಂದೆ ಹಾದು, ಮಾತಾಡದ ಮಗಳಿರುವ ಮನೆಗೆ ಹಗಲು ಹೊತ್ತಿನಲ್ಲೇ ಹೋಗಬೇಕು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವನ ಹಾಗೆ ನಿಂತ, ನುಂಗಲೂ ಆಗದು, ಉಗುಳಲೂ ಆಗದು. ಹಿಂದಿನಿಂದ ಯಾರೋ ಬೇಗ ನಡೀರಿ ಎಂದರು. ಅವನು ಪಟ್ಟಿಯನ್ನು ಗ್ಲೌಸಿನೊಳಗೆ ತುರುಕಿಕೊಂಡು ಒಳಗೆ ಹೋದ.

ಅಳಿಯ ಭುಜಕ್ಕೆ ಕೆನ್ನೆ ಒರೆಸಿಕೊಂಡು ನನ್ನ ಕೈ ಹಿಡಿದ. ನಾನು ಅವನ ಮುಖ ನೋಡಿದೆ. ಒಂದು ಕಾಲದಲ್ಲಿ ನನ್ನ ಕೋಟನ್ನು ತಿರುವಿ ಹೊಲಿದುಕೊಟ್ಟವನು ಅಲ್ಲಿ ಇರಲಿಲ್ಲ. ನನಗೆ ಮುದುಕನ ಮೇಲೆ ಕರುಣೆ ಬರಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ, ಆದರೆ ಇವನನ್ನು ಕಂಡು ಭಯವಾಯಿತು. ಪಟ್ಟಿ ಒಣಗಿದೆ ಅಕ್ಕಾ, ಹೋಗಿ ಎಂದ. ನಾನೂ ಏನೂ ಅನ್ನದೆ ಒಳಗೆ ಹೋದೆ.

ಫ್ರೀಜರಿನ ಬಾಗಿಲು ಒಳಗಿನಿಂದಲೂ ತೆಗೆಯುತ್ತದೆ. ಯಾರೂ ಸಿಕ್ಕಿಕೊಳ್ಳದಿರಲೆಂದು ಒಳಗಡೆ ದೊಡ್ಡ ಹಿಡಿ ಇಟ್ಟಿದ್ದಾರೆ, ಮೊಣಕೈಯಿಂದ ಒತ್ತಿದರೂ ಸಾಕು. ಮುದುಕ ಪೆಟ್ಟಿಗೆ ಎತ್ತುತ್ತಾ ಅದರ ಪಕ್ಕದಲ್ಲೇ ಎಷ್ಟೋ ಸಲ ಹಾದುಹೋದ. ಒಮ್ಮೆ ನಿಂತು, ಕೈಗಳನ್ನು ಮುಖದ ಹತ್ತಿರ ತಂದು ನೋಡಿಕೊಂಡ. ನೋಯುತ್ತಿದೆಯೇ ಎಂದು ಕೇಳಿದೆ.

"ಮೊದಲು ನೋಯ್ತಿತ್ತು" ಎಂದ. "ಈಗ ಇಲ್ಲ."

ಹಾಗೆಂದು ಮುಂದಿನ ಪೆಟ್ಟಿಗೆಗೆ ಬಗ್ಗಿದ. ಪಾಳಿಯ ಸೀಟಿ ಊದುವವರೆಗೂ ಅವನು ಆ ಹಿಡಿಯನ್ನು ಮುಟ್ಟಲಿಲ್ಲ.